ಜೀಪಪ್ಪ ಹಾಕಿಸಿದ ದೀಪಗಳು

ಹಲ್ಲಿನ ಸೆಟ್ಟು ತಯಾರಿಸುವ ಆ ಲ್ಯಾಬಿನಲ್ಲಿ ಅವನನ್ನು ಎಲ್ಲರೂ ಜೀಪಪ್ಪ ಎಂದೇ ಕರೆಯುತ್ತಿದ್ದರು. ಅವನಿಗೂ ಆ ಹೆಸರು ಒಳಗೊಳಗೇ ಇಷ್ಟ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ, ಕಲ್ಲಿಗೂ ಕೆಸರಿಗೂ ಜಗ್ಗದ ಗಾಡಿ ಅವನದು. ಸೆಕೆಂಡ್ ಹ್ಯಾಂಡಾದರೂ ಗಟ್ಟಿಮುಟ್ಟು. ಆದರೆ ಅದು ಮಾಡುತ್ತಿದ್ದ ಕೆಲಸ ಮಾತ್ರ ಬಾಡಿಗೆ ಆಟೋದ್ದು. ಬೆಳಿಗ್ಗೆ ಹೆಂಡತಿಯನ್ನು ಅವಳು ಕೆಲಸ ಮಾಡುವ ಲಾಂಡ್ರಿ ಅಂಗಡಿಯ ಮುಂದೆ ಇಳಿಸಬೇಕು, ಮಗಳನ್ನು ಕಾಲೇಜಿನ ಗೇಟಿಗೆ ಬಿಡಬೇಕು, ಆಮೇಲೆ ಲ್ಯಾಬಿನ ಹಿಂದಿನ ಕಿರಿದಾದ ಓಣಿಯಲ್ಲಿ ಅದನ್ನು ಹೇಗೋ ತುರುಕಿ ನಿಲ್ಲಿಸಬೇಕು. ಸ್ಪೀಡ್ ಬ್ರೇಕರಿಗಿಂತ ಎತ್ತರದ್ದೇನನ್ನೂ ಈ ಗಾಡಿ ಹತ್ತಿದ್ದೇ ಇಲ್ಲ ಎಂದು ಪ್ಲಾಸ್ಟರ್ ಕಲಸುವ ಗೆಳೆಯ ಛೇಡಿಸುತ್ತಿದ್ದ.

“ಹತ್ತುತ್ತೆ ಕಣೋ. ಒಂದೆರಡು ಸಾಮಾನು ಹಾಕಿಸ್ಬೇಕು, ಅಷ್ಟೆ,” ಎನ್ನುತ್ತಿದ್ದ ಜೀಪಪ್ಪ.

ಊರಾಚೆ ಕೆಲಸ ನಿಂತುಹೋದ ಕಲ್ಲುಕೋರೆ ಇತ್ತು. ಅದರ ಹಿಂದಿನಿಂದ ಬೆಟ್ಟದ ನೆತ್ತಿಗೆ ಒಂದು ಕಚ್ಚಾ ದಾರಿ. ಮೇಲೆ ಹೋಗಿ ನಿಂತರೆ ಆಚೆ ಬದಿಯ ಜಲಾಶಯ ಪೂರ್ತಿ ಕಾಣುತ್ತದೆ. ಮದುವೆಗೆ ಮುಂಚೆ ಯಾರದೋ ಗಾಡಿಯ ಹಿಂದುಗಡೆ ಕೂತು ಅಲ್ಲಿಗೊಮ್ಮೆ ಹೋಗಿದ್ದ. ತನ್ನದೇ ಗಾಡಿಯಲ್ಲಿ, ತಾನೇ ಓಡಿಸಿಕೊಂಡು, ಹೆಂಡತಿ ಮಗಳನ್ನು ಕೂರಿಸಿಕೊಂಡು ಹೋಗಬೇಕೆನ್ನುವುದು ಆಗಿನಿಂದ ತಲೆಯಲ್ಲಿ ಕೂತ ಆಸೆ. ಈ ಆಸೆಗೆ ಗಾಳಿ ಹಾಕುತ್ತಿದ್ದವನು ಹೆಂಡತಿಯ ತಮ್ಮ. ಅವನು ಗ್ಯಾರೇಜು ಇಟ್ಟಿದ್ದ. ವಾರಕ್ಕೊಂದು ಸಲವಾದರೂ ಅಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದ. ಊಟದ ಮೇಜಿನ ಮೇಲೆ ತಟ್ಟೆಯನ್ನು ಬೋರಲು ಹಾಕಿ ಬೆಟ್ಟ ಮಾಡುತ್ತಿದ್ದರು, ಉಪ್ಪಿನ ಡಬ್ಬಿಯೇ ಗಾಡಿ. ಮುಂದಿನ ಚಕ್ರ ಬಂಡೆ ಹತ್ತಿದಾಗ ಹಿಂದಿನದು ಎಲ್ಲಿರುತ್ತೆ, ಹೊಟ್ಟೆ ತಗುಲದಿರಲು ಬಾಡಿಯನ್ನು ಎಷ್ಟು ಎತ್ತರಿಸಬೇಕು, ಎತ್ತರಿಸಿದ ಮೇಲೆ ಈ ಟೈರು ಸಾಕೇ ಎಂದು ಭಾವ ಮೈದುನರು ಮಾತಿಗೆ ಕೂತರೆ ಉಪ್ಪು ಕೇಳಿದವರಿಗೆ ಉಪ್ಪು ಸಿಗುತ್ತಿರಲಿಲ್ಲ.

“ಆ ಬೆಟ್ಟದಾಚೆಯ ನೀರು ನೋಡೋಕೆ ನಮ್ಮ ಮನೇಲಿರೋದೆಲ್ಲ ನೀರಾಗುತ್ತೆ,” ಎಂದಳು ಹೆಂಡತಿ.

ಮೈದುನ ನಕ್ಕ. ಜೀಪಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳು ಮಾತ್ರ, ಗಾಡಿ ರೆಡಿಯಾದ ಮೇಲೆ ತಾನು ಡ್ರೈವಿಂಗ್ ಕಲಿಯುವುದು ಅದರಲ್ಲೇ ಎಂದು ಮಾವನಿಂದ ಮಾತು ತೆಗೆದುಕೊಂಡಳು.

ದುಬಾರಿ ಸಾಮಾನುಗಳಲ್ಲಿ ಯಾವುದನ್ನು ಮೊದಲು ಹಾಕಿಸಬೇಕು ಎಂಬ ವಿಷಯದಲ್ಲಿ ಮೈದುನನದೊಂದು ಕ್ರಮವಿತ್ತು. ಮೊದಲು ಸಸ್ಪೆನ್ಷನ್, ಆಮೇಲೆ ಟೈರು, ಕೆಸರಲ್ಲಿ ಸಿಕ್ಕಿಬಿದ್ದರೆ ಹಗ್ಗ ಸುತ್ತಿ ಎಳೆದುಕೊಳ್ಳುವ ವಿಂಚು, ಶೋಕಿಯ ಸಾಮಾನೆಲ್ಲ ಕೊನೆಗೆ. ಆದರೆ ಜೀಪಪ್ಪ ಆ ಕ್ರಮ ಹಿಡಿಯಲಿಲ್ಲ. ಲ್ಯಾಬಿನ ಓಣಿ ತಿರುಗುವಾಗ ಗಾಡಿಯ ಮೂತಿ ಕಲ್ಲಿನ ಕಂಬಕ್ಕೆ ತಾಗಿತು; ಮೊದಲು ಕಬ್ಬಿಣದ ಬಂಪರ್ ಆಗಲಿ ಎಂದ. ಕೆಲವು ವಾರ ಕಳೆದು ಮನೆಯ ಗೇಟಿಗೆ ಪಕ್ಕದ ಬಾಗಿಲು ಉಜ್ಜಿತು; ಬಾಗಿಲ ಕೆಳಗೆ ದಪ್ಪ ಕಬ್ಬಿಣದ ಪಟ್ಟಿ ಬೇಕೆಂದ. ಬಂಡೆಗೆ ಉಜ್ಜಿದರೂ ಏನೂ ಆಗಬಾರದು ನೋಡು, ಎಂದು ಕಾರಣ ಕೊಟ್ಟ. ರಸ್ತೆಯ ಗುಂಡಿಗಳು ತಪ್ಪಿಸಲು ಬಾರದಷ್ಟು ಹೆಚ್ಚಾಗಿವೆ ಎನ್ನಿಸಿದಾಗ ಸಸ್ಪೆನ್ಷನ್ ಎತ್ತರಿಸಿದ್ದಾಯಿತು. ಸಂಬಳದ ದೊಡ್ಡ ಪಾಲು ಗ್ಯಾರೇಜಿನ ದಾರಿ ಹಿಡಿಯಿತು. ಕೊನೆಗೆ ದೀಪಗಳು. ಬಂಪರಿನ ಮೇಲೆ ಎರಡು, ಕನ್ನಡಿಗಳ ಹತ್ತಿರ ಒಂದೊಂದು, ನೆತ್ತಿಯ ಮೇಲೆ ಉದ್ದಕ್ಕೂ ಒಂದು ಪಟ್ಟಿ. ಹಚ್ಚಿದರೆ ಎದುರುಮನೆಯ ಗೋಡೆಯ ಇಟ್ಟಿಗೆಗಳ ಸಂದುಗಳೆಲ್ಲ ಎದ್ದು ಕಾಣುತ್ತಿದ್ದವು.

“ಭಾವ, ಇದು ಜಾಸ್ತಿಯಾಯ್ತು. ಎದುರಿಗೆ ಬರೋರ ಕಣ್ಣು ಹೋಗುತ್ತೆ,” ಎಂದ ಮೈದುನ.

“ಇನ್ನೂ ಒಂದು ಹಿಂದುಗಡೆ ಹಾಕು,” ಎಂದ ಜೀಪಪ್ಪ.

ಸಂಜೆ ಆಗುತ್ತಿದ್ದಂತೆ ರಸ್ತೆ ಕರಗಿಹೋಗುವಂತೆ ಅವನಿಗೆ ಕಾಣಲು ಶುರುವಾಗಿ ಬಹಳ ಕಾಲವಾಗಿತ್ತು. ಕಂಪನಿಯವರು ಗಾಡಿಗೆ ಕೊಟ್ಟ ದೀಪವೇ ಮಂಕು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಹಗಲು ಬೆಂಚಿನ ಮುಂದೆ ಕೂತರೆ ಅವನ ಕಣ್ಣಿಗೆ ಸಾಟಿಯೇ ಇರಲಿಲ್ಲ. ಹಲ್ಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಮೇಣ ಹೆಚ್ಚಿದ್ದರೂ ಹಿಡಿಯುತ್ತಿದ್ದ. ಅಂಥವನ ಕಣ್ಣಿನ ಬಗ್ಗೆ ಯಾರಿಗೆ ಅನುಮಾನ ಬಂದೀತು? ಅನುಮಾನ ಬಂದದ್ದು ಅವನ ನಡತೆಯ ಬಗ್ಗೆ. ಪಕ್ಕದಲ್ಲೇ ನಿಂತು ಕೈಯೆತ್ತಿದರೂ ನೋಡದೆ ಹೋಗುತ್ತಾನೆ, ಗಾಡಿಗೆ ಎತ್ತರ ಬಂದಂತೆ ಇವನಿಗೂ ಬಂದಿದೆ ಎಂದು ಬೀದಿಯವರು ಮೂಗು ಮುರಿದರು. ಹೆಂಡತಿ ಪಕ್ಕದಿಂದ ಚಹದ ಲೋಟ ಚಾಚಿದರೆ ತೆಗೆದುಕೊಳ್ಳುತ್ತಿರಲಿಲ್ಲ, “ರೀ, ಯಾವ ಲೋಕದಲ್ಲಿದ್ದೀರಿ?” ಎಂದು ಅವಳು ಲೋಟವನ್ನು ಮೇಜಿನ ಮೇಲೆ ಕುಕ್ಕುತ್ತಿದ್ದಳು. ಜೀಪಿನ ಧ್ಯಾನ ಎಂದೇ ಎಲ್ಲರ ತೀರ್ಮಾನ. ಅವನೂ ಹೌದೆನ್ನುವಂತೆ ನಗುತ್ತಿದ್ದ.

ಒಂದು ಸಂಜೆ ಮಗಳನ್ನು ಕೂರಿಸಿಕೊಂಡು ಬರುತ್ತಿದ್ದಾಗ ಬಸ್ ಡಿಪೋದ ತಿರುವಿನಲ್ಲಿ ಏನೋ ಮುರಿದ ಸದ್ದಾಯಿತು. ಗಾಡಿ ನಿಲ್ಲಿಸಿ ಇಳಿದು ನೋಡಿದರೆ ಹಣ್ಣಿನ ತಳ್ಳುಗಾಡಿ ಬಂಪರಿನ ಕೆಳಗೆ ನುಜ್ಜುಗುಜ್ಜಾಗಿತ್ತು. ಹಣ್ಣು ಮಾರುವ ಹೆಂಗಸು ಫುಟ್‌ಪಾತಿನ ಅಂಚಿನಲ್ಲಿ ಕೂತು ಮುರಿದ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳು ಅಳುತ್ತಿರಲಿಲ್ಲ. ಬಾಯಿ ತೆರೆದು ಅವನನ್ನೇ ನೋಡುತ್ತಿದ್ದಳು. ಕಬ್ಬಿಣದ ಬಂಪರಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಜನ ಸೇರಿದರು. “ಅಷ್ಟು ದೀಪ ಹಾಕ್ಕೊಂಡಿದ್ದೀಯ, ಇಷ್ಟು ದೊಡ್ಡ ತಳ್ಳುಗಾಡಿ ಕಾಣಲಿಲ್ವಾ?” ಎಂದು ಒಬ್ಬ ಕೇಳಿದ.

ಮಗಳು ಇಳಿದು ಅಪ್ಪನ ಪಕ್ಕಕ್ಕೆ ಬಂದು ನಿಂತಳು. “ನನಗೂ ಕಾಣಲಿಲ್ಲ,” ಎಂದಳು.

ಅಪ್ಪನನ್ನು ಬಿಟ್ಟುಕೊಡಬಾರದೆಂದು ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎಂದು ಜನ ಬೈದರು. ಮನೆಗೆ ಬಂದ ಮೇಲೆ ಅಮ್ಮನೂ ಬೈದಳು. ಹಣ್ಣಿನವಳ ಆಸ್ಪತ್ರೆಯ ಖರ್ಚು, ಹೊಸ ತಳ್ಳುಗಾಡಿಯ ಖರ್ಚು ಎಲ್ಲವನ್ನೂ ಜೀಪಪ್ಪನೇ ಕೊಟ್ಟ. ನೋಡಲು ಹೋದಾಗ ಆಕೆ, “ಈ ಕೈಲಿ ಇನ್ನು ಭಾರ ಎತ್ತಬಾರದಂತೆ ಸ್ವಾಮಿ,” ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿದಳು.

ಅದಾದ ಮೇಲೆ ಅವನು ಗಾಡಿಯನ್ನು ಗ್ಯಾರೇಜಿಗೆ ಒಯ್ದು, “ಸ್ಟೀರಿಂಗಲ್ಲಿ ಏನೋ ಎಡವಟ್ಟಿದೆ, ನೋಡು,” ಎಂದ. ಮೈದುನ ಗಾಡಿಯ ಸುತ್ತ ಒಂದು ಸುತ್ತು ಬಂದ. ಅಡಿಯಲ್ಲಿ ಮಲಗಿ ನೋಡಿದ. ಓಡಿಸಿಕೊಂಡು ಹೋಗಿ ಬಂದ. ಆಮೇಲೆ ಕೈ ಒರೆಸಿಕೊಳ್ಳುತ್ತ ಬಾಗಿಲ ಕೆಳಗಿನ ಪಟ್ಟಿಯನ್ನು ತೋರಿಸಿದ. ಅದರ ಮೇಲೆ ಹೊಸ ಹಳೆಯ ಗೀರುಗಳು ಒಂದರ ಮೇಲೊಂದು ಬಿದ್ದಿದ್ದವು.

“ಭಾವ, ಗಾಡಿಗೇನೂ ಆಗಿಲ್ಲ.”

“ಹಾಗಾದ್ರೆ ದೀಪ…”

“ದೀಪಕ್ಕೂ ಏನೂ ಆಗಿಲ್ಲ. ಒಂದ್ನಿಮಿಷ ಇಲ್ಲಿ ನಿಂತ್ಕೊಳ್ಳಿ. ಆ ಕ್ಯಾಲೆಂಡರ್ ನೋಡ್ತಾ ಇರಿ. ಕಣ್ಣು ಆಚೀಚೆ ಹೊರಳಿಸ್ಬೇಡಿ.”

ಜೀಪಪ್ಪ ಎದುರಿನ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತ. ಅದರ ಚಿಕ್ಕ ಅಕ್ಷರಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು. ಮೈದುನ ಪಕ್ಕದಲ್ಲಿ ಸದ್ದಿಲ್ಲದೆ ನಿಂತು ನಟ್ಟು ಬಿಚ್ಚುವ ಪಾನಾ ಹಿಡಿದ ಕೈ ಚಾಚಿದ.

“ನನ್ನ ಕೈ ಕಾಣ್ತಿದೆಯಾ?”

“ಕೈ ಎಲ್ಲಿದೆ?”

ಮೈದುನ ಕೈಯನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಂದ. ಅದು ಹೆಚ್ಚುಕಡಿಮೆ ಮೂಗಿನ ನೇರಕ್ಕೆ ಬಂದಾಗ ಜೀಪಪ್ಪನಿಗೆ ಪಾನಾದ ತುದಿ ಕಾಣಿಸಿತು. ಇನ್ನೊಂದು ಪಕ್ಕದಲ್ಲೂ ಹಾಗೆಯೇ. ಮೈದುನ ಪಾನಾವನ್ನು ಬೆಂಚಿನ ಮೇಲಿಟ್ಟು ಬೇರೆ ಕಡೆ ಮುಖ ತಿರುಗಿಸಿದ. ಆ ದಿನ ಗಾಡಿಯನ್ನು ಮನೆಗೆ ಓಡಿಸಿಕೊಂಡು ಬಂದವನು ಅವನೇ.

ಕಣ್ಣಿನ ಡಾಕ್ಟರು ವಯಸ್ಸಾದವರು, ಮಾತು ಮಿತ. ಕಣ್ಣೊಳಗಿನ ಪರದೆ ಅಂಚಿನಿಂದ ಸಾಯುತ್ತ ಬರುತ್ತಿದೆ ಎಂದರು. ಮೊದಲು ಕತ್ತಲಲ್ಲಿ ಕಾಣುವುದಿಲ್ಲ, ಆಮೇಲೆ ಪಕ್ಕದ್ದು ಕಾಣುವುದಿಲ್ಲ, ನಡುವಿನದು ಕೊನೆಗೆ ಹೋಗುತ್ತದೆ. ಅದಕ್ಕೇ ಹಲ್ಲಿನ ಕೆಲಸ ಇಷ್ಟು ದಿನ ನಡೆದಿದೆ. ಇನ್ನೂ ಕೆಲವು ವರ್ಷ ನಡೆದೀತು, ಎಷ್ಟು ಎಂದು ಹೇಳಲು ಬಾರದು.

“ಔಷಧಿ?” ಎಂದು ಕೇಳಿದಳು ಹೆಂಡತಿ.

“ಹೋಗಿರೋದನ್ನ ವಾಪಸು ತರೋ ಔಷಧಿ ಇಲ್ಲಮ್ಮ. ಇವರು ಇನ್ನು ಗಾಡಿ ಮುಟ್ಟಬಾರದು. ಇವತ್ತಿನಿಂದಲೇ.” ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇದು ರಕ್ತದಲ್ಲಿ ಬರೋದು. ಮಕ್ಕಳಿದ್ದಾರಾ?”

ತಳ್ಳುಗಾಡಿಯ ಪಕ್ಕದಲ್ಲಿ ನಿಂತು ಮಗಳು ಹೇಳಿದ ಮಾತು ಜೀಪಪ್ಪನಿಗೂ ಹೆಂಡತಿಗೂ ಒಟ್ಟಿಗೇ ನೆನಪಾಯಿತು. ಅವಳು ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದಳು. ಉಗುರು ನಾಟಿದ್ದೂ ಅವನಿಗೆ ಗೊತ್ತಾಗಲಿಲ್ಲ.

ಮಗಳನ್ನು ಕರೆದುಕೊಂಡು ಹೋದರು. ಬುಟ್ಟಿಯಂಥ ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕೆ ಕಂಡಾಗ ಗುಂಡಿ ಒತ್ತುವ ಪರೀಕ್ಷೆ. ಹೊರಗಿನ ಬೆಂಚಿನಲ್ಲಿ ಕೂತ ಜೀಪಪ್ಪನಿಗೆ ಗುಂಡಿಯ ಟಿಕ್ ಟಿಕ್ ಕೇಳುತ್ತಿತ್ತು. ನಡುವೆ ಬಹಳ ಹೊತ್ತು ಸದ್ದೇ ಇಲ್ಲದಾಗ, ಒತ್ತು ಮಗಳೇ, ಒತ್ತು, ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಡಾಕ್ಟರು ಹೊರಗೆ ಬಂದು ಅವನ ಪಕ್ಕದಲ್ಲೇ ಕೂತಾಗ ಇನ್ನು ಕೇಳುವುದೇನೂ ಉಳಿಯಲಿಲ್ಲ. ಶುರುವಾಗಿದೆ, ಇವಳಿಗೆ ಅಪ್ಪನಿಗಿಂತ ಬೇಗ ಶುರುವಾಗಿದೆ, ಎಂದರು.

ಮಗಳು ಅಳಲಿಲ್ಲ. ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡಳು. ಅಮ್ಮ ತಟ್ಟಿದರೆ ತೆರೆಯುತ್ತಿದ್ದಳು, ಅಪ್ಪ ತಟ್ಟಿದರೆ ಒಳಗಿನಿಂದಲೇ “ಏನು?” ಎನ್ನುತ್ತಿದ್ದಳು. ಮೈದುನ ಬಂದು, “ಭಾವ, ನಾನು ಓಡಿಸ್ತೀನಿ, ಎಲ್ಲರೂ ಒಂದ್ಸಲ ಬೆಟ್ಟಕ್ಕೆ ಹೋಗಿ ಬರೋಣ. ಅವಳೂ ನೋಡಲಿ,” ಎಂದ. ಜೀಪಪ್ಪನಿಗೆ ಕ್ಷಣಕಾಲ ಜೀವ ಬಂತು. ವಿಂಚು ಇನ್ನೂ ಹಾಕಿಸಿಲ್ಲ, ಟೈರು ಸವೆದಿದೆ, ಎಂದು ಹಳೆಯ ಲೆಕ್ಕಾಚಾರಕ್ಕೇ ಇಳಿದುಬಿಟ್ಟ. ಕೋಣೆಯ ಬಾಗಿಲು ತೆರೆಯಿತು.

“ನಾನು ಬರಲ್ಲ,” ಎಂದಳು ಮಗಳು. “ಕಣ್ಣು ಇದ್ದಾಗಲೇ ನೋಡ್ಕೊಂಡು ಬಿಡು ಅಂತ ನನ್ನ ಎಲ್ಲಿಗೂ ಕರ್ಕೊಂಡು ಹೋಗ್ಬೇಡಿ.”

ಮೈದುನ ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿಕೊಂಡ.

ಗಾಡಿಯನ್ನು ಮಾರುವುದೆಂದಾಯಿತು. ಕಟ್ಟಡ ಕಂಟ್ರಾಕ್ಟರೊಬ್ಬ ಭಾನುವಾರ ಬೆಳಿಗ್ಗೆ ನೋಡಲು ಬಂದ. ಖುಷಿಯ ಮನುಷ್ಯ, ಗಾಡಿಯ ಸುತ್ತ ಮಗುವಿನಂತೆ ಓಡಾಡಿದ. ಪ್ರತಿಯೊಂದನ್ನೂ ಮುಟ್ಟಿ, “ಇದ್ಯಾಕೆ ಹಾಕಿಸಿದ್ರಿ?” ಎಂದು ಕೇಳಿದ. ಜೀಪಪ್ಪ ಒಂದೊಂದಕ್ಕೂ ಕಾರಣ ಹೇಳಿದ. ಬಂಪರು ಬಂಡೆಗೆ, ಪಟ್ಟಿ ಇಕ್ಕಟ್ಟಿನ ದಾರಿಗೆ, ಎತ್ತರ ಹಳ್ಳ ದಾಟಲು. ಹೇಳುತ್ತ ಹೇಳುತ್ತ ಅವನ ದನಿಗೆ ಹಳೆಯ ಹುರುಪು ಬಂತು. ಮಗಳು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.

“ಇಷ್ಟೊಂದು ದೀಪ?”

“ಕಾಡಲ್ಲಿ ಬೇಕಾಗುತ್ತೆ,” ಎಂದ ಜೀಪಪ್ಪ.

ಕಂಟ್ರಾಕ್ಟರು ಹಗಲಿನಲ್ಲೇ ಎಲ್ಲ ದೀಪ ಹಚ್ಚಿ, ಹಾರ್ನ್ ಹೊಡೆದು, ಗಾಡಿಯನ್ನು ಓಡಿಸಿಕೊಂಡು ಹೋದ. ಅದು ಬೀದಿಯ ತಿರುವು ದಾಟುವ ಮೊದಲೇ ಜೀಪಪ್ಪನ ನೋಟದಿಂದ ತಪ್ಪಿತು. ಕತ್ತು ತಿರುಗಿಸಿ ಹುಡುಕಿದ, ಸಿಗಲಿಲ್ಲ.

ಮಗಳು ಇಳಿದು ಬಂದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳಾಗಿ ಅವನ ಹತ್ತಿರ ಬಂದದ್ದು ಅದೇ ಮೊದಲು.

“ಅಪ್ಪ, ನಿನಗೆ ಗೊತ್ತಿತ್ತಾ?”

“ಗೊತ್ತಿದ್ದಿದ್ರೆ ಇಷ್ಟೆಲ್ಲ ಹಾಕಿಸ್ತಿದ್ನಾ ಮಗಳೇ?”

“ಗೊತ್ತಿದ್ದಕ್ಕೇ ಹಾಕಿಸಿದ್ದು.”

ಅವನು ಅಲ್ಲ ಎನ್ನಬೇಕೆಂದುಕೊಂಡ.

“ನನಗೂ ಸಂಜೆ ಹೊತ್ತು ಕಾಣ್ತಿರಲಿಲ್ಲ,” ಎಂದಳು ಅವಳು. “ಎಲ್ಲರಿಗೂ ಹೀಗೇ ಇರುತ್ತೆ ಅಂದ್ಕೊಂಡಿದ್ದೆ. ನಿನಗೂ ಕಾಣಲ್ಲ ಅಂತ ಒಂದು ಮಾತು ಹೇಳಿದ್ದಿದ್ರೆ, ನಾನೂ ಹೇಳ್ತಿದ್ದೆ. ಆ ಹಣ್ಣಿನೋಳ ಕೈ ಆದ್ರೂ ಉಳೀತಿತ್ತು.”

ಇಷ್ಟು ಹೇಳಿ ಮೆಟ್ಟಿಲು ಹತ್ತಿ ಒಳಗೆ ಹೋದಳು. ಗಾಡಿ ನಿಲ್ಲುತ್ತಿದ್ದ ಖಾಲಿ ಜಾಗದಲ್ಲೇ ಜೀಪಪ್ಪ ನಿಂತಿದ್ದ. ಒಳಗಿನಿಂದ ಹೆಂಡತಿ ಊಟಕ್ಕೆ ಕರೆದಳು. ಎರಡನೆಯ ಸಲ ಕರೆಯಲಿಲ್ಲ.

ಈಗ ಅವನು ಬಸ್ಸಿನಲ್ಲಿ ಲ್ಯಾಬಿಗೆ ಹೋಗುತ್ತಾನೆ. ಯಜಮಾನರು ಬಿಸಿಲಿರುವಾಗಲೇ ಮನೆಗೆ ಬಿಡುತ್ತಾರೆ. ಪ್ಲಾಸ್ಟರ್ ಕಲಸುವ ಗೆಳೆಯ ಜೀಪಪ್ಪ ಎಂದು ಕರೆಯುವುದನ್ನು ನಿಲ್ಲಿಸಿದ್ದಾನೆ. ಬೇರೆ ಹೇಗೆ ಕರೆಯಬೇಕೆಂದು ತಿಳಿಯದೆ ಹತ್ತಿರ ಬಂದು ಭುಜ ಮುಟ್ಟುತ್ತಾನೆ. ಬೆಂಚಿನ ದೀಪದಡಿ ಮೇಣ, ಹಲ್ಲು, ತನ್ನ ಬೆರಳ ತುದಿ ಇಷ್ಟೂ ಅವನಿಗೆ ಇನ್ನೂ ಚೊಕ್ಕವಾಗಿ ಕಾಣುತ್ತವೆ. ಮಗಳು ಅವನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ. ಸಂಜೆ ಅವಳು ಪಕ್ಕದ ಕೋಣೆಯಲ್ಲಿ ಕುರ್ಚಿಗೆ ಎಡವುವ ಸದ್ದು ಕೇಳಿದಾಗ ಅವನು ಎದ್ದು ಬಾಗಿಲವರೆಗೆ ಹೋಗುತ್ತಾನೆ, ತಟ್ಟದೆ ವಾಪಸು ಬಂದು ಕೂರುತ್ತಾನೆ.