ಚಿಮಣಿಗೆ ಸುತ್ತಿದ ಪಟ್ಟಿ

ಖಾನಾಪುರದ ಹಂಚಿನ ಕಾರ್ಖಾನೆಗೆ ನಾವು ನಿಲ್ಲಿಸಿದ ಕಬ್ಬಿಣದ ಚಿಮಣಿ ಅಲುಗುತ್ತಿತ್ತು. ಜೋರು ಗಾಳಿಗೆ ಸುಮ್ಮನೆ ನಿಲ್ಲುತ್ತಿತ್ತು, ಸಂಜೆಯ ಮೆಲುಗಾಳಿಗೆ ತೂಗಾಡುತ್ತಿತ್ತು. ಅದೂ ಗಾಳಿ ಬೀಸಿದ ಕಡೆಗಲ್ಲ, ಅಡ್ಡಕ್ಕೆ. ದೃಷ್ಟಿ ತಾಗಿದೆ ಎಂದು ಮೇಸ್ತ್ರಿ ಬೂದುಗುಂಬಳ ಒಡೆಸಿದರು. ಅಲುಗಾಟ ನಿಲ್ಲಲಿಲ್ಲ.

ಬೆಳಗಾವಿಯ ವರ್ಕ್‌ಶಾಪಿನಲ್ಲಿ ಮೇಸ್ತ್ರಿಯ ಕೈಕೆಳಗೆ ನಾವಿಬ್ಬರು ವೆಲ್ಡರುಗಳು, ನಾನು ಮತ್ತು ನನ್ನ ದೋಸ್ತ. ಶಾಲೆ ಬಿಟ್ಟದ್ದೂ ಒಟ್ಟಿಗೆ, ಕೆಲಸ ಕಲಿತದ್ದೂ ಒಟ್ಟಿಗೆ. ಮುಂದಿನ ಚಿಮಣಿ ಲೋಂಡಾದಲ್ಲಿತ್ತು. ಈ ಅಲುಗಾಟ ನಿಲ್ಲಿಸಿದವನೇ ಅಲ್ಲಿ ಮುಖ್ಯಸ್ಥ ಎಂದು ಮೇಸ್ತ್ರಿ ಹೇಳಿಬಿಟ್ಟರು. ನನಗೆ ಅದು ಬೇಕಿತ್ತು.

ಚಿಮಣಿಯನ್ನು ನೆಲಕ್ಕೆ ಕಟ್ಟಿದ್ದ ತಂತಿಗಳನ್ನು ನಾನು ಇನ್ನಷ್ಟು ಬಿಗಿದೆ. ಮೆಲುಗಾಳಿಗೆ ಅಲುಗಲಿಲ್ಲ. ಎದೆಯುಬ್ಬಿಸಿ ತಿರುಗಾಡಿದೆ. ಸ್ವಲ್ಪ ಬಿರುಸಾದ ಗಾಳಿ ಬಂದ ದಿನ ಮತ್ತೆ ಶುರುವಾಯಿತು.

ದೋಸ್ತ ನನ್ನನ್ನೂ ಮೇಸ್ತ್ರಿಯನ್ನೂ ಮಲಪ್ರಭೆಯ ಸೇತುವೆಗೆ ಕರೆದುಕೊಂಡು ಹೋದ. ದುಂಡು ಕಂಬದ ಹಿಂದೆ ನೀರಿನ ಸುಳಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಿಚ್ಚಿಕೊಂಡು ಹೋಗುತ್ತಿತ್ತು. ಗಾಳಿಯೂ ಚಿಮಣಿಯ ಹಿಂದೆ ಹೀಗೇ ಸುಳಿ ಬಿಡುತ್ತದೆ, ಪ್ರತಿ ಸುಳಿಯೂ ಅದನ್ನು ಪಕ್ಕಕ್ಕೆ ಜಗ್ಗುತ್ತದೆ, ಆ ಜಗ್ಗಾಟ ಚಿಮಣಿಯ ಸ್ವಂತ ತೂಗಾಟಕ್ಕೆ ಹೊಂದಿದರೆ ಜೋಕಾಲಿ ನೂಕಿದಂತೆ ಎಂದ. ತಂತಿ ಬಿಗಿದರೆ ಬೇರೆ ಗಾಳಿಗೆ ಅಲುಗುತ್ತದೆ, ಅಷ್ಟೇ. ಮೇಲ್ಭಾಗಕ್ಕೆ ಬಳ್ಳಿಯಂತೆ ಕಬ್ಬಿಣದ ಪಟ್ಟಿ ಸುತ್ತಿದರೆ ಸುಳಿಗಳು ಚೆದುರಿಹೋಗುತ್ತವಂತೆ.

"ಯಾರ ಹೇಳಿದ್ರಲೇ ನಿನಗ?" ಎಂದೆ.

"ಸಕ್ರಿ ಫ್ಯಾಕ್ಟರಿ ಚಿಮಣಿಗೆ ಸುತ್ಯಾರಲ್ಲೋ. ಯಾಕಂತ ಅಲ್ಲಿ ಇಂಜಿನಿಯರ್ ಸಾಹೇಬ್ರನ್ನ ಕೇಳಿದ್ನಿ."

ಸಕ್ಕರೆ ಕಾರ್ಖಾನೆಯ ಆ ಚಿಮಣಿಯನ್ನು ನಾನೂ ದಿನಾ ನೋಡುತ್ತಿದ್ದೆ. ಚಂದಕ್ಕೆ ಸುತ್ತಿದ್ದಾರೆ ಎಂದು ನಕ್ಕಿದ್ದೆ. ಕೇಳಬೇಕೆಂದು ನನಗೆ ಯಾಕೆ ಹೊಳೆಯಲಿಲ್ಲ?

ಮೇಲಕ್ಕೆ ಹತ್ತಿಹೋಗಿ ಪಟ್ಟಿ ಬೆಸೆದವನು ಅವನು. ಕೆಳಗೆ ಹಗ್ಗ ಹಿಡಿದವನು ನಾನು. ಆಮೇಲೆ ದಿನಾ ಸಂಜೆ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದೆ. ಒಂದು ಸಲ ಅಲುಗಿದರೆ ಸಾಕು ಎನಿಸುತ್ತಿತ್ತು. ಮೆಲುಗಾಳಿ ಬಂತು, ಬಿರುಸು ಗಾಳಿ ಬಂತು. ಚಿಮಣಿ ಕದಲಲಿಲ್ಲ.

ಲೋಂಡಾ ಅವನ ಪಾಲಾಯಿತು. ಹೊರಡುವ ಮೊದಲು ಬಂದು, "ನೀನೂ ಬಾರಲೇ. ನೀ ಇಲ್ಲಂದ್ರ ನನಗ ಬ್ಯಾಸರ ಆಗತೈತಿ" ಎಂದ.

ಅವನು ಮೆರೆದಿದ್ದರೆ ಜಗಳವಾಡಿ ಕೆಲಸ ಬಿಡುತ್ತಿದ್ದೆ. ಮೆರೆಯಲಿಲ್ಲ, ಅದೇ ಕಷ್ಟ.

"ಬರ್ತೀನಿ. ಆದ್ರ ನನ್ನ ಮ್ಯಾಲ ಹುಕುಂ ಮಾಡಬ್ಯಾಡ."

ಮೊದಲ ದಿನವೇ ಮಾಡಿದ. ಮುಖ್ಯಸ್ಥ ಅವನು, ಮಾಡಲೇಬೇಕು. ಹೇಳಿದಂತೆ ಮಾಡಿದೆ. ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ.