ತಮ್ಮನ ಬೈಕಿಗೆ ಹಾಕಿದ ಹೆಡ್ಡು

ನನ್ನ ತಮ್ಮ ಕೆಂಪರಾಜನಿಗೆ ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಮರೆತದ್ದಲ್ಲ, ಬೇಕೆಂದೇ ಬಾಯಿ ಮುಚ್ಚಿಕೊಂಡೆ.

ತೊಂಬತ್ತರ ದಶಕದ ಕೊನೆ. ಚನ್ನಪಟ್ಟಣದಲ್ಲಿ ಮೈಸೂರು ರಸ್ತೆಗೆ ಮುಖಮಾಡಿ ನನ್ನ ಬೈಕ್ ಗ್ಯಾರೇಜ್ ಇತ್ತು. ಏಳನೇ ತರಗತಿಗೆ ಓದು ಬಿಟ್ಟು, ಅಪ್ಪನ ಮರದ ಬೊಂಬೆ ಕಡೆಯುವ ಲೇತಿನಲ್ಲಿ ಕೆಲವು ವರ್ಷ ಕೂತು, ಆಮೇಲೆ ಇಂಜಿನ್ ಕೆಲಸ ಕಲಿತವನು ನಾನು. ಕೆಂಪರಾಜ ರೇಷ್ಮೆ ನೂಲು ಬಿಚ್ಚುವವನು. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಎಳೆಯ ತುದಿ ಹುಡುಕಿ ಎತ್ತುವ ಆ ಕೆಲಸಕ್ಕೆ ಬೆರಳೇ ಆಧಾರ.

ಅವನಲ್ಲಿ ೧೭೫ ಸಿ.ಸಿ.ಯ ಟೂ-ಸ್ಟ್ರೋಕ್ ಬೈಕಿತ್ತು. ವಾರವೆಲ್ಲ ಅದರ ಮೇಲೆ ಗೂಡಿನ ಮೂಟೆ ಹೇರುತ್ತಿದ್ದ. ಅದೇ ಬೈಕಿನಲ್ಲಿ ಡ್ರ್ಯಾಗ್ ರೇಸಿಗೂ ಹೋಗಬೇಕೆಂಬ ಹುಚ್ಚು. ಬೆಂಗಳೂರಿನಾಚೆ, ಬಳಕೆ ತಪ್ಪಿದ ರನ್‌ವೇ ಮೇಲೆ ನಾನೂರು ಮೀಟರಿನ ನೇರ ಓಟ ಅದು.

ಎರಡಕ್ಕೂ ಒಂದೇ ಇಂಜಿನ್ ಆಗಬೇಕಾದರೆ ಸಿಲಿಂಡರ್ ಹೆಡ್ ಆರಿಸುವುದೇ ದೊಡ್ಡ ಕೆಲಸ. ಹೆಡ್ ಎಂದರೆ ಇಂಜಿನ್ನಿನ ಮುಚ್ಚಳ. ಅದರೊಳಗಿನ ಬಟ್ಟಲಿನಂಥ ಗುಳಿಯಲ್ಲಿ ಪೆಟ್ರೋಲ್ ಆವಿ ಒತ್ತಿಸಿಕೊಂಡು ಉರಿಯುತ್ತದೆ. ಗುಳಿ ಚಿಕ್ಕದಾದಷ್ಟೂ ಎಳೆತ ಹೆಚ್ಚು, ಬಿಸಿಯೂ ಹೆಚ್ಚು. ಕಂಪನಿಯ ಹೆಡ್ಡನ್ನೇ ಒಂದಿಷ್ಟು ಉಜ್ಜಿ, ಇಪ್ಪತ್ತೊಂದು ಸಿ.ಸಿ. ಗುಳಿ ಬರುವ ಹಾಗೆ ನಾನು ತಯಾರು ಮಾಡಿದ್ದೆ. ಕೆಂಪರಾಜ ಬೆಂಗಳೂರಿನಲ್ಲಿ ಯಾರಿಂದಲೋ ಕೊರೆಸಿದ ಇನ್ನೊಂದನ್ನು ತಂದು ಬೆಂಚಿನ ಮೇಲೆ ಕುಕ್ಕಿದ. ಅದರ ಗುಳಿ ಹದಿನೇಳು ಸಿ.ಸಿ.

"ನಂದು ಹಾಕುಸ್ಕೊ. ರೋಡಿಗೂ ಆಯ್ತದೆ, ರೇಸಿಗೂ ಆಯ್ತದೆ," ಎಂದೆ.

"ನಿಂದಾ? ಅಣ್ಣ, ನೀನು ಪಂಚರ್ ಹಾಕ್ಕೊಂಡಿರು. ಏಳ್ನೇ ಕ್ಲಾಸ್ ದಾಟ್ನಿಲ್ಲ, ರೇಸಿನ್ ಪಾಠ ಹೇಳಕ್ ಬತ್ತಾನೆ! ಬೊಂಬೆ ಕಡ್ದಂಗಲ್ಲ ಇದು."

ಗ್ಯಾರೇಜಿನಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಒಬ್ಬ, "ಅಣ್ತಮ್ಮಂದ್ರ ಜಗಳ ನೋಡಕ್ಕೆ ಟಿಕೀಟ್ ಎಷ್ಟ್ ಮಡಗಿದ್ದೀರಪ್ಪಾ?" ಅಂದ. ಎಲ್ಲರೂ ನಕ್ಕರು. ಕೆಂಪರಾಜನೂ ನಕ್ಕ. "ಮುಚ್ಕೊಂಡು ನಾನ್ ತಂದಿರೋದ್ನ ಹಾಕು," ಅಂದ.

ಹಾಕಲು ಕೂತೆ. ಪಿಸ್ಟನ್ ಮೇಲಕ್ಕೆ ಬಂದಾಗ ಅದರ ಅಂಚಿಗೂ ಹೆಡ್ಡಿಗೂ ನಡುವೆ ಸ್ವಲ್ಪ ಜಾಗ ಇರಲೇಬೇಕು. ಬೇರೆ ಮೆಕ್ಯಾನಿಕ್‌ಗಳು ಅದನ್ನು ಮೆತ್ತನೆಯ ಸೀಸದ ತಂತಿ ಇಟ್ಟು ಅಳೆಯುತ್ತಾರೆ. ನಾನು ಬೊಂಬೆಗೆ ಬಣ್ಣ ಹಚ್ಚುವ ಅರಗಿನಲ್ಲಿ ಅಳೆಯುತ್ತಿದ್ದೆ. ಹೆಡ್ಡನ್ನು ಬೆಚ್ಚಗೆ ಮಾಡಿ ಎಣ್ಣೆ ಸವರಿ, ಪಿಸ್ಟನ್ ಅಂಚಿನಲ್ಲಿ ಕಾಯಿಸಿದ ಅರಗಿನ ಪುಟ್ಟ ಉಂಡೆ ಇಟ್ಟು, ಬೋಲ್ಟು ಬಿಗಿದು, ಕೈಯಲ್ಲೇ ಇಂಜಿನ್ ಒಂದು ಸುತ್ತು ತಿರುಗಿಸುವುದು. ಬಿಚ್ಚಿದಾಗ ಅರಗು ಎಷ್ಟು ತೆಳ್ಳಗಾಗಿದೆಯೋ ಅಷ್ಟೇ ಜಾಗ.

ಅಂದು ಬಂದದ್ದು ಅರ್ಧ ಮಿಲಿಮೀಟರ್. ಬೇಕಿದ್ದದ್ದು ಒಂದು. ಅವನ ಇಂಜಿನ್ನಿನ ಬೇರಿಂಗ್ ಸವೆದು ಪಿಸ್ಟನ್ ಇನ್ನಷ್ಟು ಮೇಲಕ್ಕೆ ಬರುತ್ತದೆಂದೂ ನನಗೆ ತಿಳಿದಿತ್ತು. ನಾನೂರು ಮೀಟರ್ ಓಟ ಇಂಜಿನ್ ಬಿಸಿಯಾಗುವುದರೊಳಗೆ ಮುಗಿಯುತ್ತದೆ. ಮೂಟೆ ಹೊತ್ತು ಮೈಲಿಗಟ್ಟಲೆ ಹೋದರೆ ಪಿಸ್ಟನ್ ಹಿಗ್ಗಿ ಹೆಡ್ಡಿಗೆ ಬಡಿಯುತ್ತದೆ. ಸಿಲಿಂಡರಿನ ಕೆಳಗೆ ಇನ್ನೊಂದು ದಪ್ಪ ಗ್ಯಾಸ್ಕೆಟ್ ಕೊಟ್ಟು ಹೆಡ್ಡನ್ನು ಅಷ್ಟು ಮೇಲೆತ್ತಿದ್ದರೆ ಸಾಕಿತ್ತು. ಒಂದು ದಿನ ತಡವಾಗುತ್ತಿತ್ತು, ಅಷ್ಟೆ.

ಅವನು ಬಾಗಿಲಲ್ಲಿ ನಿಂತು, "ಆಯ್ತೇನಪ್ಪಾ ಇಂಜಿನಿಯರ್ರೇ?" ಎಂದು ಕೂಗಿದ. ಕೆಟ್ಟು ನಿಂತಾಗ ನನ್ನ ಹತ್ತಿರವೇ ಬರಲಿ ಎಂದುಕೊಂಡೆ. "ಆಯ್ತು, ತಕೊಂಡೋಗು," ಎಂದೆ.

ಬೈಕನ್ನು ಟೆಂಪೋದಲ್ಲಿ ಸಾಗಿಸಿ ರೇಸಿನಲ್ಲಿ ಗೆದ್ದ. ಎರಡು ದಿನ ನನ್ನ ಗ್ಯಾರೇಜಿನ ಮುಂದೆ ಬೇಕೆಂದೇ ಆಕ್ಸಿಲರೇಟರ್ ತಿರುವುತ್ತಾ ಓಡಾಡಿದ. ಮೂರನೆಯ ದಿನ ಸಾತನೂರಿನಿಂದ ಭಾವನ ಮನೆಯ ಗೂಡು ಹೇರಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಟಿದ್ದಾಗ ಇಂಜಿನ್ ಹಿಡಿದುಕೊಂಡಿತು. ಹಿಂದಿನ ಚಕ್ರ ನಿಂತುಹೋಗಿ, ಬೈಕು ಮೂಟೆಯ ಸಮೇತ ಮೋರಿಗೆ ಬಡಿಯಿತು. ಎಡಗೈ ಹ್ಯಾಂಡಲ್ಲಿಗೂ ಕಲ್ಲಿಗೂ ನಡುವೆ ಸಿಕ್ಕಿತು. ಎರಡು ಬೆರಳು ಮತ್ತೆ ಮಡಚಲೇ ಇಲ್ಲ.

ಇಂಜಿನ್ ಬಿಚ್ಚಿದೆ. ಪಿಸ್ಟನ್ ಅಂಚಿನಲ್ಲಿ ಹೆಡ್ ಬಡಿದ ಗುರುತಿತ್ತು. ಯಾರೂ ನೋಡುವ ಮೊದಲೇ ಆ ಪಿಸ್ಟನ್ನನ್ನು ಗುಜರಿಯ ಡಬ್ಬಕ್ಕೆ ಎಸೆದೆ.

ಆಸ್ಪತ್ರೆಯಲ್ಲಿ ಅವನು, "ಸರ್ಯಾಗ್ ಹಾಕಿದ್ದೇನ್ಲಾ ನೀನು?" ಎಂದು ಗದರಿದ. ಅಣ್ಣನಾದ ನನಗೆ ಅವನು 'ಲಾ' ಅಂದದ್ದು ಅದೇ ಮೊದಲು. ನೆಂಟರೆಲ್ಲ ಸುತ್ತ ನಿಂತಿದ್ದರು. "ನೀನ್ ತಂದ ಹೆಡ್ನೇ ಹಾಕಿದ್ದು. ಹಠ ಮಾಡ್ದೋನು ನೀನು. ಅನುಭವ್ಸು," ಎಂದೆ. ಅವನು ಗೋಡೆಯ ಕಡೆ ತಿರುಗಿದ.

ಆಮೇಲೆ ಅವನು ನೂಲು ಬಿಚ್ಚಲಿಲ್ಲ. ಬೇರೆಯವರ ನೂಲಿನ ಘಟಕದಲ್ಲಿ ಒಲೆಗೆ ಸೌದೆ ಒಟ್ಟುವ ಕೆಲಸ ಹಿಡಿದ. ಮದುವೆ, ತಿಥಿಗಳಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದೆವು. ನಾನು ನೂರಾರು ಹೆಡ್ ಇಳಿಸಿ ಕೂರಿಸಿದೆ. ಗಿರಾಕಿ ಎಷ್ಟೇ ಬೈಯಲಿ, ಅಳತೆಯನ್ನು ಅವನ ಮುಖಕ್ಕೆ ಹೇಳಿಯೇ ಬೋಲ್ಟು ಬಿಗಿಯುತ್ತಿದ್ದೆ. ಗಿರಾಕಿ ಕೇಳಿದ್ದನ್ನು ಹಾಕಿಕೊಟ್ಟ ಮಾತ್ರಕ್ಕೆ ಮೆಕ್ಯಾನಿಕ್‌ನ ಜವಾಬ್ದಾರಿ ತೀರುವುದಿಲ್ಲ ಎಂದು ಕಲಿತದ್ದು ಹೀಗೆ, ತಮ್ಮನ ಕೈ ಕಳೆದು.

ಹೋದ ವರ್ಷ ಗ್ಯಾರೇಜ್ ಮುಚ್ಚಿದೆ. ಅವನ ಮನೆಗೆ ಹೋದೆ. ಜಗಲಿಯಲ್ಲಿ ಕೂತಿದ್ದವನು ಏಳಲಿಲ್ಲ.

"ಏನು, ದಾರಿ ತಪ್ತಾ?"

"ಅವತ್ತು ಅಳ್ದಿದ್ದೆ ಕಣೋ. ಅರ್ಧ ಮಿಲಿಮೀಟರ್ರೇ ಇತ್ತು. ಬಡೀತದೆ ಅಂತ ಗೊತ್ತಿತ್ತು."

"ಗೊತ್ತಿದ್ದೂ ಕೊಟ್ಟಾ?"

"ಕೊಟ್ಟೆ."

"ಇಪ್ಪತ್ ವರ್ಸದ ಮ್ಯಾಲಾಯ್ತು. ನನ್ ಕೈಯಾರೆ ನಾನೇ ಕೆಡುಸ್ಕೊಂಡೆ ಅಂತ ನನ್ನೇ ನಾನು ಉಗುದ್ಕೊಂಡಿವ್ನಿ. ಈಗ್ ಬಂದ್ಯಾ ಹೇಳಕ್ಕೆ? ಎದ್ದೋಗು."

ನಾನು ಹೋಗಲಿಲ್ಲ.

"ಹೋಯ್ತೀನಿ. ಅದ್ಕೂ ಮುಂಚೆ ಒಂದ್ ಮಾತು. ನಿನ್ ತಪ್ಪಲ್ಲ ಕೆಂಪ, ನಂದು. ನೀನ್ ಬೈದೆ ಅನ್ನೋ ಸಿಟ್ಗೆ ನಿನ್ ಕೈ ಕಳ್ದೆ. ತಪ್ಪಾಯ್ತು ಕಣಪ್ಪಾ."