ಮಿಯಾಜಿಮಾದಲ್ಲಿ ಇಳಿಯದ ದ್ವಾರಕಾನಾಥರು

ದ್ವಾರಕಾನಾಥರ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು. ಅವರು ಕೆಟ್ಟವರೆಂದಲ್ಲ. ಕೆಟ್ಟವರಾಗಿದ್ದರೆ ಒಂದು ದಿನ ಜಗಳವಾಡಿ ಮುಗಿಸಬಹುದಿತ್ತು. ಮನುಷ್ಯ ತೀರಾ ಸರಿ, ಅದೇ ತೊಂದರೆ. ಸಾಂಟಾ ಕ್ಲಾರಾದ ಒಂದು ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸುವುದು ಅವರ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿ ಮಾಡಿ ಮನೆಯಲ್ಲೂ ಹಾಗೇ ಆಗಿಬಿಟ್ಟಿದ್ದರು. ಫ್ರೀವೇಯಲ್ಲಿ ಐವತ್ತೈದು ಮೈಲಿ ಎಂದರೆ ಐವತ್ತೈದೇ. ಹಿಂದಿನವರು ಹಾರ್ನ್ ಹೊಡೆದು, ಬೈದು ಮುಂದೆ ಹೋದರೂ ಇವರ ಕಾರಿನ ಮುಳ್ಳು ಅಲ್ಲಾಡುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಅವರ ಹೆಂಡತಿ ಸತ್ಯವತಿ, ಹಿಂದಿನ ಸೀಟಿನಲ್ಲಿದ್ದ ನನ್ನ ಕಡೆ ತಿರುಗಿ ನಗುತ್ತಿದ್ದರು.

ಎವರ್‌ಗ್ರೀನ್ ಬಡಾವಣೆಯಲ್ಲಿ ಅವರ ಮನೆಗೂ ನಮ್ಮ ಮನೆಗೂ ಮಧ್ಯೆ ಎರಡೇ ಮನೆ. ಗಂಡ ಹೆಂಡತಿ ಮೈಸೂರಿನವರು, ಮಕ್ಕಳಿಲ್ಲ. ಸತ್ಯವತಿ ವೀಣೆ ಹೇಳಿಕೊಡುತ್ತಿದ್ದರು. ಶನಿವಾರ ಬೆಳಿಗ್ಗೆ ನನ್ನ ಮಗಳು ಅವರ ಮನೆಯಲ್ಲಿ ಸರಳೆ ವರಸೆ ನುಡಿಸುತ್ತ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ ಕೂತಿರುತ್ತಿದ್ದಳು. ಆ ವೀಣೆಯ ಸದ್ದು ಕೇಳಿಯೇ ಪಕ್ಕದ ಮನೆಯ ಹಯಾಶಿ ಎಂಬ ಜಪಾನಿ ಅಜ್ಜಿ ಒಂದು ದಿನ ಬಾಗಿಲು ತಟ್ಟಿದ್ದು. ಆಕೆಯ ತಾಯಿಯ ಊರು ಹಿರೋಶಿಮಾದ ಹತ್ತಿರ. ಅಲ್ಲಿ ಸಮುದ್ರದಲ್ಲಿ ಮಿಯಾಜಿಮಾ ಎಂಬ ದ್ವೀಪವಿದೆ, ಅಲ್ಲೊಬ್ಬ ದೇವಿ ಇದ್ದಾಳೆ, ಅವಳ ಕೈಯಲ್ಲೂ ನಿನ್ನದರಂಥದೇ ವಾದ್ಯವಿದೆ ಎಂದರಂತೆ. ಒಂದು ಹಳೆಯ ಪೋಸ್ಟ್‌ಕಾರ್ಡನ್ನೂ ಕೊಟ್ಟರು. ನೀರಿನ ಮಧ್ಯೆ ನಿಂತ ಕೆಂಪು ಮಹಾದ್ವಾರದ ಚಿತ್ರ.

"ನಮ್ಮ ಶಾರದೇನೇ ಕಣೇ ಶೈಲಜಾ, ಹೆಸರು ಬದಲಾಯಿಸ್ಕೊಂಡು ಅಲ್ಲಿದ್ದಾಳೆ. ನೋಡ್ಬೇಕು," ಎಂದು ಸತ್ಯವತಿ ಆ ಕಾರ್ಡನ್ನು ವೀಣೆಯ ಹಿಂದಿನ ಗೋಡೆಗೆ ಅಂಟಿಸಿದರು. ಅದು ಎಪ್ಪತ್ತಾರರ ಮಾತು.

ಆಮೇಲೆ ಅವರು ನಾಲ್ಕು ಸಲ ಊರಿಗೆ ಹೋಗಿಬಂದರು. ನಾಲ್ಕು ಸಲವೂ ಟೋಕಿಯೋ ಮೇಲೆಯೇ. ಏರ್‌ಪೋರ್ಟಿನ ಕುರ್ಚಿಯಲ್ಲಿ ಐದಾರು ಗಂಟೆ ಕೂತು, ಮುಂದಿನ ವಿಮಾನ ಹತ್ತಿದರು. ಪ್ರತಿ ಸಲ ಹೊರಡುವ ಮುಂಚೆ ಸತ್ಯವತಿ ಕೇಳುವುದು, ಇವರು ಲೆಕ್ಕ ಹೇಳುವುದು. ಇರುವ ರಜೆ ಮೂರೇ ವಾರ, ಅದರಲ್ಲಿ ಎರಡು ದಿನ ಜಪಾನಿಗೆ ಕೊಟ್ಟರೆ ಊರಿನಲ್ಲಿ ಯಾರ ಮನೆಗೆ ಹೋಗುವುದು ಬಿಡುವುದು, ಮುಂದಿನ ಸಲ ನೋಡೋಣ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಕೇಳಿ ಕೇಳಿ ನನಗೇ ಮೈ ಉರಿಯುತ್ತಿತ್ತು. ಸತ್ಯವತಿ ಮಾತ್ರ "ಹೋಗ್ಲಿ ಬಿಡೇ" ಎಂದು ನನಗೇ ಸಮಾಧಾನ ಹೇಳುತ್ತಿದ್ದರು.

ಎಂಬತ್ತೇಳರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದ ಸತ್ಯವತಿ ಅಲ್ಲೇ ಕುಸಿದರು. ಮೂರನೆಯ ದಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು. ಐವತ್ತೆರಡು ವರ್ಷ. ಲಿವರ್‌ಮೋರ್ ದೇವಸ್ಥಾನದಿಂದ ಭಟ್ಟರು ಬಂದು ಕರ್ಮಗಳನ್ನು ಮಾಡಿಸಿದರು. ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲೇ ಬಿಡಬೇಕೆಂದು ದ್ವಾರಕಾನಾಥರು ಹಟ ಹಿಡಿದರು. ರಜೆ ಸಿಗುವವರೆಗೆ ಅದನ್ನು ಮನೆಯೊಳಗೆ ಇಡುವಂತಿಲ್ಲ, ನೆಲಕ್ಕೆ ತಾಗಿಸುವಂತಿಲ್ಲ. ಒಂದು ತಾಮ್ರದ ಚೊಂಬಿನಲ್ಲಿ ಹಾಕಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಹಿತ್ತಲಿನ ನಿಂಬೆ ಮರಕ್ಕೆ ತೂಗುಹಾಕಿದರು. ಮೂರು ತಿಂಗಳು ಅದು ಅಲ್ಲೇ ಇತ್ತು. ಸಂಜೆ ಆಫೀಸಿನಿಂದ ಬಂದವರು ಕುರ್ಚಿ ಎಳೆದುಕೊಂಡು ಆ ಮರದ ಹತ್ತಿರ ಕೂತಿರುವುದು ನಮ್ಮ ಮಹಡಿಯ ಕಿಟಕಿಯಿಂದ ಕಾಣುತ್ತಿತ್ತು. ನಾನು ಪರದೆ ಎಳೆದುಬಿಡುತ್ತಿದ್ದೆ.

ಮೇ ತಿಂಗಳಲ್ಲಿ ನಾನೇ ಅವರನ್ನು ಏರ್‌ಪೋರ್ಟಿಗೆ ಬಿಟ್ಟುಬಂದೆ. ಚೊಂಬಿದ್ದ ಹೆಗಲ ಚೀಲವನ್ನು ಮಡಿಲಿನಲ್ಲಿಟ್ಟುಕೊಂಡು ಕೂತಿದ್ದರು. ದಾರಿಯಲ್ಲಿ ಜಪಾನಿನಲ್ಲಿ ಎರಡು ದಿನ ಇಳಿಯುತ್ತೇನೆ ಎಂದರು. ನಾನು ರೇಡಿಯೋ ಹಾಕಿದೆ. ಬಾಯಿ ತೆಗೆದಿದ್ದರೆ ಒಳ್ಳೆಯ ಮಾತು ಬರುತ್ತಿರಲಿಲ್ಲ.

ತಿರುಗಿ ಬಂದವರು ಐದು ತಿಂಗಳು ಆ ಸುದ್ದಿಯನ್ನೇ ಎತ್ತಲಿಲ್ಲ. ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ ಡಬ್ಬಿಯಲ್ಲಿ ಹುಳಿ ತೆಗೆದುಕೊಂಡು ಹೋಗಿದ್ದೆ. ವೀಣೆಗೆ ಗವುಸು ಹಾಕಿತ್ತು. ಅದರ ಮೇಲಿನ ಗೋಡೆಯಲ್ಲಿ, ಆ ಪೋಸ್ಟ್‌ಕಾರ್ಡಿನ ಪಕ್ಕದಲ್ಲಿ, ಮೊಳೆ ಹೊಡೆದು ಅನ್ನ ಬಡಿಸುವ, ಚಪ್ಪಟೆ ಸೌಟಿನಂಥ ಮರದ ಕೈಯೊಂದನ್ನು ನೇತುಹಾಕಿದ್ದರು.

"ಇದೇನ್ರೀ ದ್ವಾರಕಾನಾಥ್ ಅವ್ರೇ, ಅಡುಗೆಮನೇಲಿರೋದನ್ನ ತಂದು ವೀಣೆ ಮೇಲೆ ಹಾಕಿದೀರಾ? ಸತ್ಯವತಿ ಇದ್ದಿದ್ರೆ ಸುಮ್ನಿರ್ತಿದ್ರಾ?" ಎಂದೆ.

"ಅದು ಮಿಯಾಜಿಮಾದಿಂದ ಬಂದಿದ್ದು," ಎಂದರು. ಡಬ್ಬಿಯನ್ನು ಒಲೆಯ ಪಕ್ಕ ಇಟ್ಟು ಬಂದು, ಕೂತು ಹೇಳಿದರು.

ಹಿರೋಶಿಮಾದ ಹೋಟೆಲಿನಿಂದ ಒಂದು ದಿನದ ಟೂರು. ಬಸ್ಸಿನಲ್ಲಿ ಇಪ್ಪತ್ತು ಜನ, ಕೈಯಲ್ಲಿ ಹಳದಿ ಬಾವುಟ ಹಿಡಿದ ಗೈಡು. ಮೊರಿತಾ ಎಂಬ ನಡುವಯಸ್ಸಿನ ಹೆಂಗಸು, ಒಳ್ಳೆಯ ಇಂಗ್ಲಿಷು. ದ್ವಾರಕಾನಾಥರು ಚೀಲವನ್ನು ಕೆಳಗಿಡುವಂತಿಲ್ಲ. ರಾತ್ರಿ ಹೋಟೆಲಿನಲ್ಲೂ ಅದನ್ನು ಕೋಟು ತೂಗುವ ಗೂಟಕ್ಕೇ ಹಾಕಿದ್ದರು. ಅದನ್ನು ಮುಟ್ಟಿಕೊಂಡು ತಿನ್ನುವಂತಿಲ್ಲ, ಹಾಗಾಗಿ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅವರ ಯೋಚನೆ ಇಷ್ಟೇ: ಅಸ್ಥಿ ಜೊತೆಗಿರುವಾಗ ದೇವಸ್ಥಾನದೊಳಗೆ ಹೋಗುವುದು ಸಾಧ್ಯವಿಲ್ಲ. ಆದ್ದರಿಂದ ಎಲ್ಲರೂ ಒಳಗೆ ಹೋದಾಗ ತಾವು ಹೊರಗೇ ನಿಂತು, ಸತ್ಯವತಿಗೆ ಆ ಮಹಾದ್ವಾರ, ಆ ದೇವಿಯ ಗುಡಿಯ ಮಾಡು, ಇಷ್ಟನ್ನು ದೂರದಿಂದ ತೋರಿಸಿ ಬರುವುದು. ಅವರ ಎಲ್ಲ ಯೋಚನೆಗಳ ಹಾಗೆ ಇದೂ ಅಚ್ಚುಕಟ್ಟಾಗಿತ್ತು.

ದಡದಿಂದ ದ್ವೀಪಕ್ಕೆ ಫೆರಿಯಲ್ಲಿ ಹತ್ತು ನಿಮಿಷ. ಫೆರಿ ಹೊರಟ ಮೇಲೆ ಮೊರಿತಾ ಎಲ್ಲರನ್ನೂ ಒಂದು ಕಡೆ ಸೇರಿಸಿ ಹೇಳತೊಡಗಿದಳು. ಈ ದ್ವೀಪದ ಮೇಲೆ ದೇವಸ್ಥಾನವಿದೆ ಎಂದುಕೊಳ್ಳಬೇಡಿ, ಹಳೆಯ ಕಾಲದವರಿಗೆ ದ್ವೀಪವೇ ದೇವರು. ನೆಲ ತುಳಿಯಬಾರದೆಂದೇ ಗುಡಿಯನ್ನು ನೀರಿನ ಮೇಲೆ ಕಟ್ಟಿದರು. ಇಲ್ಲಿ ಯಾರೂ ಹುಟ್ಟುವಂತಿರಲಿಲ್ಲ, ಸಾಯುವಂತಿರಲಿಲ್ಲ. ದಿನ ತುಂಬಿದ ಬಸುರಿಯನ್ನು, ಇನ್ನೇನು ಹೋಗುವ ಮುದುಕರನ್ನು ದೋಣಿಯಲ್ಲಿ ಆಚೆ ದಡಕ್ಕೆ ಕಳಿಸುತ್ತಿದ್ದರು. ಸತ್ತವರ ಮನೆಯವರು ಐವತ್ತು ದಿನ ಆಚೆಯೇ ಇದ್ದು, ಶುದ್ಧಿಯಾಗಿ ವಾಪಸು ಬರಬೇಕಿತ್ತು. ಇವತ್ತಿಗೂ ಈ ದ್ವೀಪದಲ್ಲಿ ಒಂದು ಸಮಾಧಿ ಇಲ್ಲ.

ಟೂರಿನವರು ಫೋಟೋ ತೆಗೆಯುತ್ತ ಕೇಳಿದರು. ಅವರಿಗೆ ಅದೊಂದು ಕಥೆ. ಇವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಡಿ, ಮೈಲಿಗೆ, ಸೂತಕ ನೋಡಿ ಬೆಳೆದ ಮನುಷ್ಯ.

"ಹೊರಗೆ ನಿಂತ್ಕೋತೀನಿ ಅಂದ್ಕೊಂಡಿದ್ದೆ ಶೈಲಜಾ. ಅಲ್ಲಿ ಹೊರಗೆ ಅನ್ನೋದೇ ಇಲ್ಲ. ಕಾಲಿಟ್ರೆ ಗರ್ಭಗುಡಿ. ಹೊರಗೆ ಅಂದ್ರೆ ಆ ಫೆರಿ ಒಂದೇ," ಎಂದರು.

ಫೆರಿ ದ್ವೀಪಕ್ಕೆ ತಾಗಿತು. ಎಲ್ಲರೂ ಇಳಿದರು. ಇವರು ಬೆಂಚಿನಿಂದ ಏಳಲಿಲ್ಲ. ಬಾವುಟ ಹಿಡಿದುಕೊಂಡು ವಾಪಸು ಬಂದ ಮೊರಿತಾ, ಮೈಗೆ ಹುಷಾರಿಲ್ಲವೇ ಎಂದು ಕೇಳಿದಳು. ಇವರು ಚೀಲದ ಜಿಪ್ಪನ್ನು ಸ್ವಲ್ಪ ಸರಿಸಿ, ಚೊಂಬಿನ ಬಾಯಿಗೆ ಕಟ್ಟಿದ ಬಟ್ಟೆಯನ್ನು ತೋರಿಸಿ, ನನ್ನ ಹೆಂಡತಿ ಎಂದರು. ಆಕೆ ಬನ್ನಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಚೀಲಕ್ಕೆ ಬಾಗಿ ನಮಸ್ಕಾರ ಮಾಡಿದಳು. ಹಡಗಿನವರ ಹತ್ತಿರ ಏನೋ ಮಾತಾಡಿ, ಮೂರೂವರೆಗೆ ಬರುತ್ತೇವೆ ಎಂದು ಹೇಳಿ ಇಳಿದುಹೋದಳು.

ಫೆರಿ ಆಚೆ ದಡಕ್ಕೆ ಹೋಯಿತು, ಜನರನ್ನು ತುಂಬಿಕೊಂಡು ವಾಪಸು ಬಂತು. ಇವರು ಅದೇ ಬೆಂಚಿನ ಮೇಲೆ. ಶಾಲೆಯ ಮಕ್ಕಳು ಹತ್ತಿದರು, ಇಳಿದರು. ಯಾರೂ ಇವರನ್ನು ಮಾತಾಡಿಸಲಿಲ್ಲ, ಪಕ್ಕದಲ್ಲಿ ಯಾರೂ ಕೂರಲಿಲ್ಲ. ದ್ವೀಪ ಹತ್ತಿರವಾದಾಗಲೆಲ್ಲ ಎದ್ದು ಕಂಬಿಯ ಪಕ್ಕ ಹೋಗಿ, ಚೀಲವನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದುಕೊಂಡು ನಿಲ್ಲುತ್ತಿದ್ದರು. ಕೆಂಪು ದ್ವಾರ ದೂರದಲ್ಲಿ ಕಂಡು, ಮರೆಯಾಗುವವರೆಗೆ. ಬೆಳಿಗ್ಗೆ ಹೋದಾಗ ಅದರ ಕಾಲು ಮುಳುಗುವಷ್ಟು ನೀರು ತುಂಬಿತ್ತು. ಪ್ರತಿ ಸಲ ಹೋದಾಗಲೂ ನೀರು ಸ್ವಲ್ಪ ಇಳಿದಿರುತ್ತಿತ್ತು. ಎಷ್ಟೆಷ್ಟು ಇಳಿಯಿತೆಂದು ಕಣ್ಣಿನಲ್ಲೇ ಅಳೆಯುತ್ತಿದ್ದರಂತೆ. ಅಭ್ಯಾಸ ಎಲ್ಲಿ ಹೋಗುತ್ತದೆ.

ಮೂರೂವರೆಗೆ ಮೊರಿತಾ ತಂಡದ ಜೊತೆ ಬಂದಳು. ಈ ಮರದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಆ ದೇವಿಯ ವಾದ್ಯದ ಆಕಾರ ನೋಡಿ ಹಿಂದೆ ಒಬ್ಬ ಸನ್ಯಾಸಿ ಇದನ್ನು ಮಾಡಲು ಕಲಿಸಿದ ಎಂದು ಅಲ್ಲಿಯವರು ಹೇಳುತ್ತಾರಂತೆ. ದೇವಿಯ ಮೂರ್ತಿ ನಮಗೂ ಕಾಣಲಿಲ್ಲ, ಬಾಗಿಲು ತೆಗೆಯುವುದು ವರ್ಷಕ್ಕೆ ಒಂದೇ ದಿನ, ಎಂದೂ ಹೇಳಿದಳು. ಸಮಾಧಾನಕ್ಕೆ ಹೇಳಿದ್ದಿರಬೇಕು. ನಾನು ತಿರುಗಿ ನೋಡಿದೆ. ಹೌದು, ಮರದ ಕೈ ಪುಟ್ಟ ವೀಣೆಯ ಹಾಗೇ ಇತ್ತು.

ನನಗೆ ತಡೆಯಲಾಗಲಿಲ್ಲ. "ನಾನಾಗಿದ್ದಿದ್ರೆ ಇಳಿದುಬಿಡ್ತಿದ್ದೆ. ಅಷ್ಟು ದೂರ ಹೋಗಿ! ಬ್ಯಾಗಲ್ಲಿ ಏನಿದೆ ಅಂತ ಯಾರು ನೋಡೋಕೆ ಬರ್ತಿದ್ರು?"

"ನೋಡೋ ಪ್ರಶ್ನೆ ಅಲ್ಲಮ್ಮ. ಲಿವರ್‌ಮೋರ್ ದೇವಸ್ಥಾನದೊಳಗೆ ತಗೊಂಡು ಹೋಗ್ತಿದ್ನಾ? ಇದು ಅವ್ರ ದೇವ್ರು ತಾನೇ ಅಂತ ಹ್ಯಾಗೆ ತಗೊಂಡು ಹೋಗಲಿ?"

ಹುಳಿ ಬಿಸಿ ಮಾಡೋಣವೆಂದು ಎದ್ದೆ. ಅವರು ಗೋಡೆಯ ಕಡೆ ನೋಡುತ್ತಲೇ ಇದ್ದರು.

"ಫೆರೀಲಿ ಒಟ್ಟು ಒಂಬತ್ತು ಸಲ ಹೋಗಿ ಬಂದ್ವಿ. ಏರ್‌ಪೋರ್ಟಲ್ಲಿ ನಾಲ್ಕು ಸಲ ಹಾಗೇ ಆಗಿತ್ತಲ್ಲ, ಬಾಗಿಲ ತನಕ ಕರ್ಕೊಂಡು ಹೋಗೋದು, ವಾಪಸ್ ಕರ್ಕೊಂಡು ಬರೋದು. ಅವತ್ತೂ ಅದನ್ನೇ ಮಾಡಿದೆ. ಕೊನೇ ಸಲ ಹೋಗೋ ಹೊತ್ತಿಗೆ ನೀರು ಪೂರ್ತಿ ಇಳಿದುಹೋಗಿತ್ತು. ಜನ ಚಪ್ಪಲಿ ಕೈಲಿ ಹಿಡ್ಕೊಂಡು ಮರಳ ಮೇಲೆ ಆ ದ್ವಾರದ ತನಕ ನಡೀತಿದ್ರು. ಒಬ್ಬಾಕೆ, ದೂರದಿಂದ ನಮ್ಮ ಸತ್ಯವತಿ ಥರಾನೇ ಕಾಣ್ತಿದ್ಲು, ಕಂಬ ಮುಟ್ಟಿ, ಹಿಂದೆ ತಿರುಗಿ ಗಂಡನ್ನ ಬಾ ಬಾ ಅಂತ ಕೈ ಮಾಡಿ ಕರೀತಿದ್ಲು."

ನಾನು ಒಲೆ ಆರಿಸಿ ಬಂದೆ.

"ಬದುಕಿದ್ದಾಗ ಅವಳಿಗೆ ಯಾವ ರೂಲ್ಸೂ ಅಡ್ಡ ಇರ್ಲಿಲ್ಲ ಶೈಲಜಾ. ಸುಮ್ನೆ ಇಳಿದು ನಡ್ಕೊಂಡು ಹೋಗಬಹುದಿತ್ತು. ಬೇಡ ಅಂದಿದ್ದು ನಾನೊಬ್ಬನೇ."

ಹನ್ನೊಂದು ವರ್ಷ ನಾನು ಅವರಿಗೆ ಮುಖಕ್ಕೆ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತು ಅದೇ. ಅವರ ಬಾಯಿಂದ ಕೇಳಿದ ಮೇಲೆ, ಅದು ಸುಳ್ಳಾಗಿದ್ದರೆ ಚೆನ್ನಾಗಿತ್ತು ಎನಿಸಿತು.